ಅಂಗಳದ ಪ್ರಶ್ನೋತ್ತರ: ಯಾವ ಕಾನ್ಫರೆನ್ಸ್ ಬಲಿಷ್ಠ?

ಪ್ರಶ್ನೆ: ನನ್ನ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಓದುತ್ತಿದ್ದಾನೆ, ಅಣ್ಣನ ಮಗಳು ಮ್ಯಾಸಚೂಸೆಟ್ಸ್‌ನಲ್ಲಿ. ಇಬ್ಬರಿಗೂ ತಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡವೆಂದರೆ ಪ್ರಾಣ. ಕಳೆದ ರಜೆಯಲ್ಲಿ ತೋಟಕ್ಕೆ ಬಂದವರು ಕಾಫಿ ಕಣದ ಕಟ್ಟೆಯ ಮೇಲೆ ಕುಳಿತು, ತಮ್ಮ ತಮ್ಮ ಕಾನ್ಫರೆನ್ಸೇ ಬಲಿಷ್ಠವೆಂದು ಸಂಜೆಯವರೆಗೂ ವಾದಿಸಿದರು. ಮಗ, ‘ನಾವು ಗೆದ್ದಿರುವ ರಾಷ್ಟ್ರೀಯ ಪ್ರಶಸ್ತಿಗಳನ್ನು ಎಣಿಸಿ ನೋಡು’ ಎನ್ನುತ್ತಾನೆ. ಅವಳು, ‘ನಮ್ಮಲ್ಲಿ ಯಾರು ಯಾರನ್ನಾದರೂ ಸೋಲಿಸಬಹುದು, ಬಲ ಅಂದರೆ ಅದು’ ಎನ್ನುತ್ತಾಳೆ. ಯಾರ ಮಾತು ಸರಿ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಇಬ್ಬರ ಮಾತಿನಲ್ಲೂ ಕೊರತೆಯಿದೆ. ಆದರೆ ಎರಡೂ ಕೊರತೆಗಳು ಬೇರೆ ಬೇರೆ ಬಗೆಯವಾದ್ದರಿಂದ ಅವನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾಗುತ್ತದೆ.

ಇತರ ಓದುಗರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯು 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಮೂರನೆಯ ಡಿವಿಷನ್ನಿನಲ್ಲಿ ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಆಟದ ಬಲದ ಮೇಲೆ ವಿದ್ಯಾರ್ಥಿವೇತನ ಕೊಡುವುದು ಅಲ್ಲಿ ನಿಷಿದ್ಧ. ಈ ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಸೇರಿ ಆಡುತ್ತವೆ. ಗುಂಪಿನ ವಿಜೇತ ತಂಡಕ್ಕೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ ದೊರೆಯುತ್ತದೆ, ಉಳಿದ ಸ್ಥಾನಗಳನ್ನು ಸಾಧನೆ ನೋಡಿ ತುಂಬಲಾಗುತ್ತದೆ. ಗುಂಪುಗಳ ಬಲದ ಪ್ರಶ್ನೆ ಬರಿಯ ಹರಟೆಯ ವಿಷಯವಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಎರಡನೆಯ ಸ್ಥಾನದಲ್ಲಿ ನಿಂತ ತಂಡ ಟೂರ್ನಿಗೆ ಹೋಗುವುದೋ ಮನೆಗೆ ಹೋಗುವುದೋ ಎಂಬುದು ಈ ತೂಕದ ಮೇಲೆಯೇ ನಿಂತಿರುತ್ತದೆ.

ನಿಮ್ಮ ಮಗ ಹೇಳುತ್ತಿರುವುದು 1913ರಷ್ಟು ಹಳೆಯ ಬೇರುಗಳಿರುವ ವಿಸ್ಕಾನ್ಸಿನ್ ಇಂಟರ್‌ಕಾಲೇಜಿಯೇಟ್ ಅಥ್ಲೆಟಿಕ್ ಕಾನ್ಫರೆನ್ಸಿನ ವಿಷಯವಿರಬೇಕು. ಅದರಲ್ಲಿ ರಾಜ್ಯ ವಿಶ್ವವಿದ್ಯಾಲಯದ ಎಂಟು ಕ್ಯಾಂಪಸ್‌ಗಳ ತಂಡಗಳಿವೆ. ಅಣ್ಣನ ಮಗಳದು, ಜನರ ಬಾಯಲ್ಲಿ ‘ನೆಸ್ಕ್ಯಾಕ್’ ಆಗಿರುವ, ವಿಲಿಯಮ್ಸ್, ಆಮ್‌ಹರ್ಸ್ಟ್, ಟಫ್ಟ್ಸ್ ಮೊದಲಾದ ಹನ್ನೊಂದು ಖಾಸಗಿ ಕಾಲೇಜುಗಳ ಗುಂಪು.

ಮೊದಲು ಅವಳ ವಾದವನ್ನೇ ತೆಗೆದುಕೊಳ್ಳೋಣ. ನೆಸ್ಕ್ಯಾಕ್‌ನಲ್ಲಿ ಪ್ರತಿ ತಂಡವೂ ಉಳಿದ ಹತ್ತು ತಂಡಗಳೊಡನೆ ಒಂದೊಂದು ಸಲ ಆಡುತ್ತದೆ. ಒಟ್ಟು 55 ಪಂದ್ಯಗಳಾದವು. ಗೆಲುವು 55, ಸೋಲೂ 55. ಹನ್ನೊಂದು ತಂಡಗಳೂ ದೇಶದಲ್ಲೇ ಶ್ರೇಷ್ಠವಾಗಿದ್ದರೂ ಲೆಕ್ಕ ಇಷ್ಟೇ, ಹನ್ನೊಂದೂ ತೀರ ಸಾಧಾರಣವಾಗಿದ್ದರೂ ಲೆಕ್ಕ ಇಷ್ಟೇ. ಒಂದೇ ಮನೆಯ ಡಬ್ಬಿಗಳ ನಡುವೆ ಅಕ್ಕಿಯನ್ನು ಎಷ್ಟು ಸಲ ಸುರಿದಾಡಿದರೂ ಮನೆಯ ಅಕ್ಕಿ ಒಂದು ಸೇರೂ ಹೆಚ್ಚುವುದಿಲ್ಲ. ಯಾರು ಯಾರನ್ನಾದರೂ ಸೋಲಿಸಬಲ್ಲರೆಂದರೆ ಆ ಗುಂಪಿನ ತಂಡಗಳು ಪರಸ್ಪರ ಸಮಬಲದವು ಎಂದಷ್ಟೇ ತಿಳಿಯುತ್ತದೆ. ಆ ಸಮಬಲ ಯಾವ ಎತ್ತರದಲ್ಲಿದೆ ಎಂಬುದು ತಿಳಿಯುವುದಿಲ್ಲ.

ಮಗನ ವಾದಕ್ಕೆ ಇದಕ್ಕಿಂತ ಹೆಚ್ಚು ತೂಕವಿದೆ. ಡಿವಿಷನ್ 3ರ ಪುರುಷರ ಟೂರ್ನಿ ಆರಂಭವಾದ 1975ರಿಂದ 2025ರವರೆಗೆ, ಕೋವಿಡ್‌ನಿಂದ ತಪ್ಪಿಹೋದ 2020 ಮತ್ತು 2021ನ್ನು ಬಿಟ್ಟರೆ, 49 ಬಾರಿ ಪ್ರಶಸ್ತಿ ನಿರ್ಧಾರವಾಗಿದೆ. ಅದರಲ್ಲಿ 13 ವಿಸ್ಕಾನ್ಸಿನ್ ಗುಂಪಿನ ಪಾಲಾಗಿವೆ: ಪ್ಲ್ಯಾಟ್‌ವಿಲ್, ವೈಟ್‌ವಾಟರ್ ಮತ್ತು ಸ್ಟೀವನ್ಸ್ ಪಾಯಿಂಟ್ ನಾಲ್ಕು ನಾಲ್ಕು, ಆಷ್‌ಕಾಷ್ ಒಂದು. ನೆಸ್ಕ್ಯಾಕ್‌ನ ಪಾಲು ನಾಲ್ಕು: ವಿಲಿಯಮ್ಸ್ 2003ರಲ್ಲಿ, ಆಮ್‌ಹರ್ಸ್ಟ್ 2007 ಮತ್ತು 2013ರಲ್ಲಿ, ಟ್ರಿನಿಟಿ 2025ರಲ್ಲಿ. ಆದರೆ 1990ರ ದಶಕದ ಆರಂಭದವರೆಗೆ ನೆಸ್ಕ್ಯಾಕ್‌ನ ನಿಯಮಗಳೇ ತನ್ನ ತಂಡಗಳನ್ನು ರಾಷ್ಟ್ರೀಯ ಟೂರ್ನಿಗೆ ಬಿಡುತ್ತಿರಲಿಲ್ಲ. ಹೀಗಾಗಿ ವಿಸ್ಕಾನ್ಸಿನ್‌ನವರು 1984, 1989 ಮತ್ತು 1991ರಲ್ಲಿ ಗೆದ್ದ ಮೂರನ್ನು ಈ ಹೋಲಿಕೆಯಿಂದ ತೆಗೆದಿಡುವುದೇ ನ್ಯಾಯ. ಆಗ ಉಳಿಯುವುದು ಹತ್ತು ಮತ್ತು ನಾಲ್ಕು.

ಈ ಹತ್ತರಲ್ಲಿ ಎರಡನ್ನು ಇನ್ನಷ್ಟು ಹತ್ತಿರದಿಂದ ನೋಡಿ. 2004ರ ಅಂತಿಮ ಪಂದ್ಯದಲ್ಲಿ ಸ್ಟೀವನ್ಸ್ ಪಾಯಿಂಟ್ ವಿಲಿಯಮ್ಸ್ ತಂಡವನ್ನು 84–82ರಿಂದ ಸೋಲಿಸಿತು. 2014ರಲ್ಲಿ ವೈಟ್‌ವಾಟರ್ ಅದೇ ವಿಲಿಯಮ್ಸ್ ತಂಡವನ್ನು 75–73ರಿಂದ ಸೋಲಿಸಿತು. ಎರಡು ಸಲವೂ ಒಂದೇ ಒಂದು ಬಾಸ್ಕೆಟ್ಟಿನ ಅಂತರ. ರಿಂಗಿನ ಅಂಚಿಗೆ ತಗುಲಿದ ಚೆಂಡು ಒಳಗೆ ಬೀಳುವುದೋ ಹೊರಗೆ ಜಾರುವುದೋ ಎಂಬುದರ ಮೇಲೆ ಹತ್ತೊಂಬತ್ತು ಕಾಲೇಜುಗಳ ಬಲವನ್ನು ತೂಗಲಾಗದು. ಪ್ರಶಸ್ತಿಗಳು ಗುಂಪಿನ ತುದಿಯಲ್ಲಿರುವ ಒಂದೆರಡು ತಂಡಗಳ ವಿಷಯವನ್ನು ಹೇಳುತ್ತವೆಯೇ ಹೊರತು ನಡುವಿನ ಮತ್ತು ತಳದ ತಂಡಗಳ ವಿಷಯವನ್ನು ಹೇಳುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಯಾವುದು? ಗುಂಪಿನ ಹೊರಗಿನ ಪಂದ್ಯಗಳನ್ನು. ವಿಸ್ಕಾನ್ಸಿನ್‌ನ ಎಂಟು ತಂಡಗಳು ಪರಸ್ಪರ ಎರಡೆರಡು ಸಲ ಆಡುವುದರಿಂದ ಪ್ರತಿ ತಂಡಕ್ಕೂ 14 ಪಂದ್ಯಗಳು ಒಳಗೇ ಮುಗಿಯುತ್ತವೆ. ಋತುವಿಗೆ 25 ಪಂದ್ಯಗಳೆಂದು ಹಿಡಿದರೆ ಹೊರಗೆ ಉಳಿಯುವುದು 11, ಇಡೀ ಗುಂಪಿಗೆ 88. ಗುಂಪಿನ ನಿಜವಾದ ಸಾಕ್ಷ್ಯ ಈ 88 ಪಂದ್ಯಗಳಲ್ಲಿದೆ. ಅದರಲ್ಲೂ ನಾನು ಮೊದಲು ಹುಡುಕುವುದು ನಾಲ್ಕನೆಯ, ಐದನೆಯ ಸ್ಥಾನದ ತಂಡವನ್ನು. ಆ ತಂಡ ಬೇರೊಂದು ಗುಂಪಿನ ಎರಡನೆಯ ಸ್ಥಾನದ ತಂಡವನ್ನು ಅದರ ಅಂಗಳದಲ್ಲೇ ಎದುರಿಸಿ ಗೆದ್ದು ಬಂದಿದ್ದರೆ, ಮೇಲಿನವರು ಗೆದ್ದ ಹತ್ತು ಸುಲಭ ಪಂದ್ಯಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ಇಲ್ಲಿ ಭೂಗೋಳದ ಒಂದು ತೊಡಕಿದೆ. ಚಿಕ್ಕ ಕಾಲೇಜುಗಳು ಬಹುಮಟ್ಟಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಆಡುತ್ತವೆ. ಆದ್ದರಿಂದ ವಿಸ್ಕಾನ್ಸಿನ್‌ನವರೂ ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಭಾಗದ, ನೆಸ್ಕ್ಯಾಕ್‌ನವರೂ ಮುಖಾಮುಖಿಯಾಗುವುದು ಅಪರೂಪ. ಇವರಿಬ್ಬರ ನಡುವೆ ಸೇತುವೆಯಾಗಿ ನಿಲ್ಲುವುದು 1986ರಲ್ಲಿ ರೂಪುಗೊಂಡ ಯೂನಿವರ್ಸಿಟಿ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಇನ್ನೊಂದು ಕಾನ್ಫರೆನ್ಸ್. ಅದರ ಎಂಟು ವಿಶ್ವವಿದ್ಯಾಲಯಗಳು ಷಿಕಾಗೊ, ಸೇಂಟ್ ಲೂಯಿಸ್, ಅಟ್ಲಾಂಟಾ, ನ್ಯೂಯಾರ್ಕ್, ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್, ರಾಚೆಸ್ಟರ್ ಮತ್ತು ಬಾಸ್ಟನ್‌ ಹತ್ತಿರದ ವಾಲ್ಥಮ್‌ನಲ್ಲಿ ಹರಡಿಕೊಂಡಿವೆ. ಅವು ಒಂದರೊಡನೊಂದು ವರ್ಷಕ್ಕೆ ಎರಡು ಸಲ ಆಡುತ್ತವೆ. ವಿಸ್ಕಾನ್ಸಿನ್‌ನ ತಂಡವೊಂದು ಷಿಕಾಗೊ ವಿರುದ್ಧ ಆಡಿದ್ದು, ಆಮ್‌ಹರ್ಸ್ಟ್ ವಾಲ್ಥಮ್‌ನ ಬ್ರ್ಯಾಂಡೈಸ್ ವಿರುದ್ಧ ಆಡಿದ್ದರೆ, ಷಿಕಾಗೊ–ಬ್ರ್ಯಾಂಡೈಸ್ ಪಂದ್ಯಗಳು ನಡುವಿನ ಕೊಂಡಿಯಾಗುತ್ತವೆ. ಮುಂದಿನ ರಜೆಯಲ್ಲಿ ಮಕ್ಕಳಿಬ್ಬರೂ ಕಣದ ಕಟ್ಟೆಗೆ ಬಂದಾಗ ಈ ಕೊಂಡಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ವಾದಿಸಲಿ. ಒಂದು ಮಾತು ಮಾತ್ರ ಈಗಲೇ ಹೇಳಬಲ್ಲೆ: ತುದಿಯ ತಂಡಗಳ ದೀರ್ಘಕಾಲದ ಸಾಧನೆಯಲ್ಲಿ ನಿಮ್ಮ ಮಗನ ಗುಂಪಿಗೆ ಸಾಟಿಯಾದ ಇನ್ನೊಂದು ಗುಂಪು ಆ ಡಿವಿಷನ್ನಿನಲ್ಲಿಲ್ಲ.

ಪ್ರಶ್ನೆ: ತಂಡಗಳ ಬಲವನ್ನು ಗಣಿತದಿಂದ ಅಳೆಯುತ್ತಾರಂತೆ. ಪದವಿ ವಿದ್ಯಾರ್ಥಿಗೆ ಅರ್ಥವಾಗುವಂತೆ ಆ ವಿಧಾನವನ್ನು ವಿವರಿಸುವಿರಾ?
— ವಿದ್ಯಾರ್ಥಿನಿಯೊಬ್ಬರು, ಹಾಸನ

ಉತ್ತರ: ಹಳೆಯ ವಿಧಾನವೆಂದರೆ ಆರ್‌ಪಿಐ. ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಶೇ 25, ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಶೇ 50, ಎದುರಾಳಿಗಳ ಎದುರಾಳಿಗಳ ಪ್ರಮಾಣಕ್ಕೆ ಶೇ 25 ತೂಕ ಕೊಟ್ಟು ಕೂಡುವುದು. ಡಿವಿಷನ್ 3ರಲ್ಲಿ ವೇಳಾಪಟ್ಟಿಯ ಕಠಿಣತೆಯನ್ನು ಅಳೆಯಲು ಇದರ ಕೊನೆಯ ಎರಡು ಭಾಗಗಳನ್ನೇ ಮೂರನೆಯ ಎರಡು ಮತ್ತು ಮೂರನೆಯ ಒಂದು ಎಂಬ ತೂಕದಲ್ಲಿ ಬಹುಕಾಲ ಬಳಸಿದರು. ಇದರ ದೋಷ ಸ್ಪಷ್ಟವಾಗಿದೆ: ದುರ್ಬಲ ತಂಡಗಳನ್ನೇ ಸೋಲಿಸಿ 20 ಪಂದ್ಯ ಗೆದ್ದ ಎದುರಾಳಿಯೂ, ಬಲಿಷ್ಠರ ನಡುವೆ ಹೋರಾಡಿ 20 ಗೆದ್ದ ಎದುರಾಳಿಯೂ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತಾರೆ. 2024–25ರಿಂದ ಅಲ್ಲಿ ಎನ್‌ಪಿಐ ಎಂಬ ಹೊಸ ಸೂಚ್ಯಂಕ ಬಂದಿದೆ.

ನನಗೆ ಹೆಚ್ಚು ಹಿಡಿಸುವುದು ಅಂಕಗಳ ಅಂತರವನ್ನು ಆಧರಿಸಿದ ವಿಧಾನ. ಕೆನೆತ್ ಮ್ಯಾಸಿ ಎಂಬ ಗಣಿತಜ್ಞರು 1997ರಲ್ಲಿ, ಇನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ನಮ್ಮ ಊರುಗಳ ಹೆಸರಿಟ್ಟು ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಕಾಗದ, ಪೆನ್ನು ಹಿಡಿದುಕೊಂಡು ಓದಿ. ಹಾಸನ ತಂಡವು ಚಿಕ್ಕಮಗಳೂರನ್ನು 10 ಅಂಕಗಳಿಂದ ಸೋಲಿಸಿತು. ಚಿಕ್ಕಮಗಳೂರು ಕಡೂರನ್ನು 5 ಅಂಕಗಳಿಂದ ಸೋಲಿಸಿತು. ಈ ಎರಡನ್ನು ಕೂಡಿದರೆ ಹಾಸನ ಕಡೂರಿಗಿಂತ 15 ಅಂಕ ಮೇಲಿರಬೇಕು. ಆದರೆ ಅವೆರಡೂ ಆಡಿದಾಗ ಹಾಸನ ಗೆದ್ದದ್ದು 9 ಅಂಕಗಳಿಂದ ಮಾತ್ರ. ಮೂರು ಫಲಿತಾಂಶಗಳೂ ಒಂದಕ್ಕೊಂದು ಹೊಂದುವುದಿಲ್ಲ. ಮೂರಕ್ಕೂ ಆದಷ್ಟು ಹತ್ತಿರವಾಗುವ ಬಲಾಂಕಗಳನ್ನು, ಅಂದರೆ ಪ್ರತಿ ತಂಡದ ಬಲವನ್ನು ತೋರಿಸುವ ಸಂಖ್ಯೆಗಳನ್ನು, ಹುಡುಕುವುದೇ ‘ಕನಿಷ್ಠ ವರ್ಗ’ ವಿಧಾನ.

ಮೂರೂ ತಂಡಗಳು ಪರಸ್ಪರ ಒಂದೊಂದೇ ಪಂದ್ಯ ಆಡಿರುವುದರಿಂದ ಲೆಕ್ಕ ಸುಲಭ: ಪ್ರತಿ ತಂಡದ ಒಟ್ಟು ಅಂತರವನ್ನು ಮೂರರಿಂದ ಭಾಗಿಸಿ. ಹಾಸನಕ್ಕೆ 10 ಮತ್ತು 9 ಸೇರಿ 19, ಅಂದರೆ 6.33. ಚಿಕ್ಕಮಗಳೂರಿಗೆ 10 ಕಳೆದು 5 ಕೂಡಿದರೆ ಋಣ 5, ಅಂದರೆ ಋಣ 1.67. ಕಡೂರಿಗೆ ಋಣ 14, ಅಂದರೆ ಋಣ 4.67. ಈಗ ಹಾಸನವು ಚಿಕ್ಕಮಗಳೂರಿಗಿಂತ 8, ಚಿಕ್ಕಮಗಳೂರು ಕಡೂರಿಗಿಂತ 3, ಹಾಸನ ಕಡೂರಿಗಿಂತ 11 ಅಂಕ ಮೇಲಿದೆ. ನಿಜವಾದ ಫಲಿತಾಂಶಗಳಿಂದ ಪ್ರತಿಯೊಂದೂ ಎರಡೆರಡು ಅಂಕ ಸರಿದಿದೆ, ಅಷ್ಟೆ. ತಪ್ಪನ್ನು ಯಾರೊಬ್ಬರ ತಲೆಗೂ ಕಟ್ಟದೆ ಮೂರು ಪಂದ್ಯಗಳಿಗೂ ಹಂಚುವ ಈ ಲೆಕ್ಕ ನನಗೆ ಇಂದಿಗೂ ಸುಂದರವಾಗಿ ಕಾಣುತ್ತದೆ.

ನಾನೂರು ತಂಡಗಳಿಗೂ ತತ್ವ ಇದೇ, ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ತವರಿನ ಅಂಗಳದ ಅನುಕೂಲಕ್ಕೆಂದು ಸಾಮಾನ್ಯವಾಗಿ ಮೂರು ಅಂಕಗಳ ಆಸುಪಾಸಿನಲ್ಲಿ ಕಳೆಯುತ್ತಾರೆ. 30 ಅಂಕ ಮುಂದಿರುವ ತಂಡ ತನ್ನ ಮುಖ್ಯ ಆಟಗಾರರನ್ನು ಬೆಂಚಿನಲ್ಲಿ ಕೂರಿಸಿಬಿಡುವುದರಿಂದ, ತೀರ ದೊಡ್ಡ ಅಂತರಗಳನ್ನು ಒಂದು ಮಿತಿಗೆ ಇಳಿಸಿಕೊಳ್ಳುವುದೂ ಉಂಟು. ಕೊನೆಗೆ ಒಂದು ಗುಂಪಿನ ತಂಡಗಳ ಬಲಾಂಕಗಳ ಸರಾಸರಿ ತೆಗೆದರೆ ಅದು ಆ ಗುಂಪಿನ ಬಲ. ಸರಾಸರಿಯ ಜೊತೆಗೆ ನಡುವಿನ ತಂಡದ ಬಲಾಂಕವನ್ನೂ ಬರೆದುಕೊಳ್ಳಿ. ತಳದಲ್ಲಿ ಒಂದೇ ಒಂದು ತೀರ ದುರ್ಬಲ ತಂಡವಿದ್ದರೂ ಅದು ಇಡೀ ಸರಾಸರಿಯನ್ನು ಕೆಳಗೆ ಎಳೆಯುತ್ತದೆ.

ಪ್ರಶ್ನೆ: ನಮ್ಮ ಜಿಲ್ಲೆಯ ಪದವಿ ಕಾಲೇಜು ತಂಡಗಳು ಬಲಿಷ್ಠವೋ ಹಾಸನದವೋ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಏನು ಉತ್ತರ ಕೊಡಲಿ?
— ದೈಹಿಕ ಶಿಕ್ಷಣ ಬೋಧಕರೊಬ್ಬರು, ಚಿಕ್ಕಮಗಳೂರು

ಉತ್ತರ: ಬೇಲೂರಿನ ದಾರಿಯಲ್ಲಿ ಬಂದರೆ ಎರಡೂ ಊರುಗಳ ನಡುವೆ ಇರುವುದು ಸುಮಾರು 60 ಕಿಲೋಮೀಟರ್. ಆದರೂ ನಿಮ್ಮ ಪದವಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ, ನಮ್ಮ ಹಾಸನದವು ಬಹುಕಾಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ, ಅಂತರಕಾಲೇಜು ಪಂದ್ಯಾವಳಿಗಳಲ್ಲಿ ಇವು ಎದುರಾಗುವ ಪ್ರಸಂಗವೇ ಬರುತ್ತಿರಲಿಲ್ಲ. ಎರಡೂ ವಿಶ್ವವಿದ್ಯಾಲಯಗಳು ಭೇಟಿಯಾಗುವುದು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ. ಅಲ್ಲಿಗೆ ಹೋಗುವುದು ಎಲ್ಲ ಕಾಲೇಜುಗಳಿಂದ ಆರಿಸಿದ ಆಟಗಾರರ ತಂಡವೇ ಹೊರತು ಕಾಲೇಜು ತಂಡವಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಸ್ಥಿತಿ ಬೇರೆ. ಎರಡೂ ಊರಿನವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿರುವುದರಿಂದ ಅವುಗಳ ನಡುವೆ ಕೊಂಡಿಯಿದೆ.

ನಾಕೌಟ್ ಪದ್ಧತಿ ಇನ್ನೊಂದು ತೊಂದರೆ. ಮೊದಲ ಸುತ್ತಿನಲ್ಲೇ ಮುಂದಿನ ವಿಜೇತರನ್ನು ಎದುರಿಸಿ ಮೂರು ಅಂಕಗಳಿಂದ ಸೋತ ತಂಡ ಮಧ್ಯಾಹ್ನದ ಬಸ್ಸು ಹತ್ತುತ್ತದೆ. ಸುಲಭದ ಕಡೆ ಬಿದ್ದ ತಂಡ ಸೆಮಿಫೈನಲ್ ತಲುಪುತ್ತದೆ. ಅಂತಹ ಹುಡುಗರು ಸಿಮೆಂಟಿನ ಅಂಗಳದ ಅಂಚಿನಲ್ಲಿ ಕುಳಿತು ಬೂಟು ಬಿಚ್ಚುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಅವರಿಗೆ ತಮ್ಮ ಬಲದ ಅಳತೆಯೇ ಸಿಕ್ಕಿರುವುದಿಲ್ಲ, ಮುಂದಿನ ವರ್ಷ ಏನನ್ನು ತಿದ್ದಿಕೊಳ್ಳಬೇಕೆಂಬುದೂ ತಿಳಿದಿರುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಆದ್ದರಿಂದ ನನ್ನ ಸಲಹೆ ಇದು. ಮಳೆ ನಿಂತ ಮೇಲೆ, ನವೆಂಬರ್ ಅಥವಾ ಡಿಸೆಂಬರ್‌ನ ಒಂದು ಶನಿವಾರ ಮತ್ತು ಭಾನುವಾರ, ಪ್ರತಿ ಜಿಲ್ಲೆಯಿಂದ ಮೂರು ತಂಡಗಳನ್ನು ಬೇಲೂರಿನಂತಹ ನಡುವಿನ ಊರಿನಲ್ಲಿ ಸೇರಿಸಿ. ಒಂದೇ ಜಿಲ್ಲೆಯ ತಂಡಗಳು ಪರಸ್ಪರ ಆಡುವುದು ಬೇಡ; ಪ್ರತಿ ತಂಡವೂ ಎದುರು ಜಿಲ್ಲೆಯ ಮೂರೂ ತಂಡಗಳೊಡನೆ ಆಡಲಿ. ಒಟ್ಟು ಒಂಬತ್ತು ಪಂದ್ಯಗಳು. ಮೂರು ಮೂರು ತಂಡಗಳ ಮಟ್ಟಿಗೆ ನಿಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಆ ಭಾನುವಾರ ಸಂಜೆಯೇ ಉತ್ತರ ದೊರೆಯುತ್ತದೆ.

ಪ್ರಶ್ನೆ: ಅಮೆರಿಕದ ಚಿಕ್ಕ ಕಾಲೇಜುಗಳು 80–90 ಅಂಕ ಗಳಿಸುತ್ತವೆ, ನಮ್ಮ ಹುಡುಗರು 50 ದಾಟುವುದೇ ಕಷ್ಟ. ಅಂಕಗಳನ್ನು ನೇರವಾಗಿ ಹೋಲಿಸಬಹುದೇ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಹೋಲಿಸಬಾರದು. ಒಟ್ಟು ಅವಧಿ ಎರಡೂ ಕಡೆ 40 ನಿಮಿಷವೇ ಆದರೂ ಅಲ್ಲಿನ ಕಾಲೇಜು ಆಟದಲ್ಲಿ 30 ಸೆಕೆಂಡಿನೊಳಗೆ, ಅಂತರರಾಷ್ಟ್ರೀಯ ನಿಯಮದಲ್ಲಿ 24 ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಬೇಕು. ಆಟದ ವೇಗವೂ ತಂಡದಿಂದ ತಂಡಕ್ಕೆ ಬೇರೆ. ಆದ್ದರಿಂದ ಚೆಂಡು ನೂರು ಸಲ ಕೈಗೆ ಬಂದಾಗ ಎಷ್ಟು ಅಂಕ ಬಂತು ಎಂದು ನೋಡುವುದು ಸರಿಯಾದ ಕ್ರಮ. ಚೆಂಡು ಎಷ್ಟು ಸಲ ಕೈಗೆ ಬಂತೆಂದು ಅಂದಾಜಿಸಲು, ಬುಟ್ಟಿಗೆ ಎಸೆದ ಒಟ್ಟು ಪ್ರಯತ್ನಗಳಿಂದ ಎದುರಾಳಿಯ ಬುಟ್ಟಿಯಡಿ ಮರಳಿ ಹಿಡಿದ ಚೆಂಡುಗಳನ್ನು ಕಳೆದು, ಕೈತಪ್ಪಿ ಎದುರಾಳಿಗೆ ಹೋದವುಗಳನ್ನು ಸೇರಿಸಿ, ಫ್ರೀ ಥ್ರೋಗಳ ಸುಮಾರು 0.44 ಭಾಗವನ್ನು ಕೂಡಬೇಕು.

ನಮ್ಮ ಅಧಿಕೃತ ಸ್ಕೋರ್‌ಶೀಟ್‌ನಿಂದ ಈ ಲೆಕ್ಕ ಮಾಡಲಾಗದು. ಅದರಲ್ಲಿ ಬುಟ್ಟಿಗೆ ಬಿದ್ದ ಎಸೆತಕ್ಕೆ ಓರೆಗೆರೆ, ಫ್ರೀ ಥ್ರೋಗೆ ತುಂಬಿದ ಚುಕ್ಕಿ, ಮೂರು ಅಂಕದ ಎಸೆತಕ್ಕೆ ಆಟಗಾರನ ಸಂಖ್ಯೆಯ ಸುತ್ತ ವೃತ್ತ ಇರುತ್ತವೆ. ಆದರೆ ಆಟದ ನಡುವೆ ಎಸೆದು ತಪ್ಪಿದ ಚೆಂಡಿಗೆ ಅಲ್ಲಿ ಗುರುತೇ ಇಲ್ಲ. ಹಾಗಾಗಿ ಸ್ಕೋರರ್ ಪಕ್ಕದಲ್ಲಿ ಇನ್ನೊಬ್ಬ ವಿದ್ಯಾರ್ಥಿಯನ್ನು ಕೂರಿಸಿ, ಗೆರೆ ಎಳೆದ ನೋಟುಬುಕ್ಕಿನ ನಾಲ್ಕು ಕಾಲಮ್‌ಗಳಲ್ಲಿ ಇವನ್ನು ಕಡ್ಡಿ ಎಳೆದು ಎಣಿಸಲು ಹೇಳಿ. ಪುಟದ ಮೇಲೆ ದಿನಾಂಕ, ಎದುರಾಳಿಯ ಹೆಸರು, ಪಂದ್ಯ ನಡೆದ ಊರು ಈ ಮೂರನ್ನೂ ತಪ್ಪದೆ ಬರೆಸಿ.