ಅರ್ಕಾವೊತ್ತಿನ ಜೊತೆ ಅಮೆರಿಕಕ್ಕೆ

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ನಾನು ಯಾವುದನ್ನೂ ಎರಡು ಸಲ ಓದಲೇಬೇಕು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬೆಂಗಳೂರಿನ ವಿಜಯನಗರದ ಹುಡುಗ, ಬಿಇ ಕೊನೆಯ ವರ್ಷ. ಆರನೇ ಕ್ಲಾಸಿನಲ್ಲೇ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ತೊಂದರೆ, ಅಂತ ಗೊತ್ತಾಗಿದೆ, ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ ಸಿಕ್ಕಿತ್ತು. ಈಗ ಇಲ್ಲಿಗೆ, ಅಮೆರಿಕಕ್ಕೆ, ಬಂದು ಎಂಎಸ್ ಮಾಡಬೇಕು. ಮನೆಯಲ್ಲಿ ‘ಯಾರಿಗೂ ಹೇಳಬೇಡ, ಸೀಟು ಕೊಡಲ್ಲ, ವೀಸಾನೂ ಕೊಡಲ್ಲ’ ಅಂತಿದ್ದಾರೆ. ಹೇಳಬೇಕಾ ಬೇಡವಾ ಅನ್ನುವುದು ನಿನ್ನ ಪ್ರಶ್ನೆ.

ವೀಸಾ ಭಯ ಮೊದಲು ಬಿಡು. ಸಂದರ್ಶನದಲ್ಲಿ ಏನು ಓದ್ತೀಯಾ, ದುಡ್ಡು ಎಲ್ಲಿಂದ, ಮುಗಿದ ಮೇಲೆ ಏನು ಮಾಡ್ತೀಯಾ ಅಂತ ಕೇಳುತ್ತಾರೆ. ಕಾಗುಣಿತ ಬರುತ್ತಾ ಅಂತ ಕೇಳುವುದಿಲ್ಲ.

ಸೀಟು ಕೊಡುವವರೂ ಅಷ್ಟೇ. ಅಂಗವಿಕಲರಿಗೆ ತಾರತಮ್ಯ ಮಾಡಬಾರದು ಅನ್ನುವ ಎರಡು ಕಾಯ್ದೆ ಇಲ್ಲಿವೆ: 1973ರ ಪುನರ್ವಸತಿ ಕಾಯ್ದೆ, 1990ರ ಎಡಿಎ. ಪ್ರವೇಶಕ್ಕೆ ಮೊದಲೇ ‘ನಿನಗೆ ಇಂಥ ತೊಂದರೆ ಇದೆಯಾ’ ಅಂತ ಯೂನಿವರ್ಸಿಟಿಯವರು ವಿಚಾರಿಸುವ ಹಾಗಿಲ್ಲ. ಹೇಳುವುದು, ಬಿಡುವುದು ನಿನ್ನ ಇಷ್ಟ. ಅರ್ಜಿಯ ಜೊತೆ ನಿನ್ನ ಬಗ್ಗೆ ನೀನೇ ಬರೆಯುವ ಎಸ್‌ಒಪಿಯಲ್ಲಿ ಇದನ್ನು ಬರೆಯಲಾ ಅಂತ ಕೇಳಿದ್ದೀಯ. ಮೊದಲ ಪ್ಯಾರಾದಲ್ಲಂತೂ ಬೇಡ. ನೀನು ಏನು ಮಾಡಿದ್ದೀಯ, ಮುಂದೆ ಏನು ಮಾಡಬೇಕು ಅನ್ನುವುದಕ್ಕೇ ಅಲ್ಲಿ ಜಾಗ ಸಾಲುವುದಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ಅಂಕ ಬಿದ್ದಿದ್ದು ಇದರಿಂದಲೇ ಅನ್ನುವುದಾದರೆ ಎರಡು ಸಾಲು ಸಾಕು. ಕಣ್ಣೀರಿನ ಕಥೆ ಮಾಡಬೇಡ.

ಶಿಫಾರಸು ಪತ್ರದ ಬಗ್ಗೆ ಹುಷಾರು. ನಮ್ಮ ಮೇಷ್ಟ್ರೊಬ್ಬರು ‘ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ’ ಅಂದಿದ್ದರು. ಬರೆದೆ. ರೆಕಮೆಂಡೇಶನ್ ಅನ್ನುವ ಇಂಗ್ಲಿಷ್ ಪದ ಒಂದೇ ಹಾಳೆಯಲ್ಲಿ ಮೂರು ಥರ ಬಂದಿತ್ತು. ಅವರು ಓದದೆ ಸೈನ್ ಹಾಕಿದರು, ನಾನು ನೋಡದೆ ಕಳಿಸಿದೆ. ನಿನ್ನ ಕೆಲಸ ನಿಜವಾಗಿ ನೋಡಿದವರ ಹತ್ತಿರ ಹೋಗು.

ಈಗ ಜಿಆರ್‌ಇ, ಎಂಎಸ್ ಪ್ರವೇಶಕ್ಕೆ ಬರೆಯುವ ಪರೀಕ್ಷೆ. ಎಷ್ಟೋ ವಿಭಾಗಗಳು ಈಗ ಇದನ್ನು ಕೇಳುವುದೇ ಇಲ್ಲ, ಮೊದಲು ಅದನ್ನು ನೋಡಿಕೋ. ಬರೆಯಲೇಬೇಕು ಅಂದರೆ, 2023ರ ಸೆಪ್ಟೆಂಬರಿನಿಂದ ಅದು 1 ಗಂಟೆ 58 ನಿಮಿಷದ ಪರೀಕ್ಷೆ. ಅರ್ಧದಷ್ಟು ಹೆಚ್ಚಿನ ಸಮಯ ಸಿಕ್ಕರೆ ಹತ್ತಿರ ಹತ್ತಿರ ಮೂರು ಗಂಟೆ. ಆದರೆ ಇಲ್ಲೊಂದು ತೊಡಕು ಇದೆ. ಸ್ಲಾಟ್ ಬುಕ್ ಮಾಡಿ ಆಮೇಲೆ ಸಮಯ ಕೇಳೋಣ ಅನ್ನುವ ಹಾಗಿಲ್ಲ. ಮೊದಲು ಈ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಗೆ ಕಾಗದಪತ್ರ ಕಳಿಸಿ ಒಪ್ಪಿಗೆ ಪಡೆಯಬೇಕು, ಆಮೇಲೆ ಬುಕಿಂಗ್. ಒಪ್ಪಿಗೆಗೆ ವಾರಗಟ್ಟಲೆ ಹಿಡಿಯುತ್ತದೆ. ಡಿಸೆಂಬರಿನ ಗಡುವು ಇಟ್ಟುಕೊಂಡು ಅಕ್ಟೋಬರಿನಲ್ಲಿ ಎದ್ದರೆ ಆಗಲ್ಲ. ಹೆಚ್ಚು ಸಮಯ ತಗೊಂಡೆ ಅಂತ ಅಂಕಪಟ್ಟಿಯಲ್ಲಿ ಕಾಣುತ್ತಾ ಅಂತಲೂ ಕೇಳಿದ್ದೀಯ. ಕಾಣುವುದಿಲ್ಲ. ಹಿಂದೆ ಗುರುತು ಹಾಕುತ್ತಿದ್ದರು. ಒಬ್ಬರು ಕೋರ್ಟಿಗೆ ಹೋದ ಮೇಲೆ 2001ರಲ್ಲಿ ಅದನ್ನು ನಿಲ್ಲಿಸಿದರು.

ಇನ್ನು ನನ್ನ ಕಥೆ. ನಾನು ಓದಿದ್ದು ಹನುಮಂತನಗರದಲ್ಲಿ. ಅರ್ಕಾವೊತ್ತು ನನ್ನ ಶತ್ರು. ‘ಸೂರ್ಯ’ ಅನ್ನುವಾಗ ರಕಾರ ಮೊದಲು ಬರುತ್ತದೆ, ಬರೆಯುವಾಗ ಆ ಕೊಕ್ಕೆ ಯಕಾರದ ಬೆನ್ನಿಗೆ ಹೋಗಿ ಕೂರುತ್ತದೆ. ಜೋರಾಗಿ ಓದಿದರೆ ನನ್ನ ಬಾಯಲ್ಲಿ ‘ಸೂಯರ’. ಇಡೀ ಕ್ಲಾಸು ನಗುತ್ತಿತ್ತು. ಮೇಷ್ಟ್ರು ನೂರು ಸಲ ಬರೆಸಿದರು. ನೂರು ಸಲವೂ ತಪ್ಪೇ ಬರೆದೆ, ನೀಟಾಗಿ. ನಮ್ಮ ದೇಶದ 1995ರ ಕಾಯ್ದೆಯಲ್ಲಿದ್ದದ್ದು ಏಳು ಬಗೆಯ ಅಂಗವೈಕಲ್ಯ, ಅದರಲ್ಲಿ ಇದಿಲ್ಲ. 2016ರ ಕಾಯ್ದೆಯಲ್ಲಿ 21 ಆಯಿತು, ಆಗ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿತು. ನನ್ನ ಕಾಲದಲ್ಲಿ ಇದಕ್ಕಿದ್ದ ಹೆಸರು ಸೋಮಾರಿತನ.

2004ರಲ್ಲಿ ಇಲ್ಲಿಗೆ ಬಂದೆ. ಎರಡನೇ ಸೆಮಿಸ್ಟರಿನ ಒಂದು ಕೋರ್ಸಿಗೆ ವಾರಕ್ಕೆ 300 ಪುಟ ಓದಬೇಕಿತ್ತು. ರಾತ್ರಿ ಎರಡರವರೆಗೆ ಕೂತರೂ 80 ದಾಟುತ್ತಿರಲಿಲ್ಲ. ಪ್ರೊಫೆಸರ್ ಕರೆದು ‘ಬಾಯಲ್ಲಿ ಕೇಳಿದರೆ ಎಲ್ಲ ಹೇಳ್ತೀಯಾ, ಪೇಪರಿನಲ್ಲಿ ಏನೂ ಇಲ್ಲವಲ್ಲ’ ಅಂದು ಅಂಗವಿಕಲ ವಿದ್ಯಾರ್ಥಿಗಳ ಕಚೇರಿಗೆ ಕಳಿಸಿದರು. ಅಲ್ಲಿ ಒಬ್ಬ ಹೆಂಗಸು ಪೆನ್ನು ಹಿಡಿದು ಕೇಳಿದಳು: ‘ನಿನಗೇನು ಬೇಕು?’ ನನ್ನ ಬಾಯಿಂದ ಬಂದಿದ್ದು: ‘ಏನೂ ಬೇಡ, ಅಡ್ಜಸ್ಟ್ ಮಾಡ್ಕೋತೀನಿ.’ ಅವಳು ಅದನ್ನೇ ಬರೆದುಕೊಂಡು ಫೈಲ್ ಮುಚ್ಚಿದಳು!

ಮತ್ತೆ ಹೋದೆ. ಈ ಸಲ ಡಿಸ್ಲೆಕ್ಸಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸಿದ ವರದಿ ತಾ ಅಂದಳು. ಹೊರಗೆ ಮಾಡಿಸಿದರೆ ಸಾವಿರಾರು ಡಾಲರು, ವಿಮೆಯವರು ಕೊಡಲ್ಲ ಅಂದರು. ಕೊನೆಗೆ ಸೈಕಾಲಜಿ ವಿದ್ಯಾರ್ಥಿಗಳು ಕೆಲಸ ಕಲಿಯುವ ಕ್ಲಿನಿಕ್ಕಿನಲ್ಲಿ ಕಡಿಮೆ ದುಡ್ಡಿಗೆ ಆಯಿತು. ಆದರೆ ನನ್ನ ಸರದಿ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದು ಆ ಕೋರ್ಸಿನಲ್ಲಿ ಫೇಲಾಗಿದ್ದೆ.

ಅದಕ್ಕೇ ಹೇಳುವುದು, ಬೆಂಗಳೂರು ಬಿಡುವ ಮುಂಚೆ ಪರೀಕ್ಷೆ ಮಾಡಿಸಿಕೋ. ನಿನ್ನ ಆರನೇ ಕ್ಲಾಸಿನ ವರದಿ ಒಂದೇ ಸಾಲದು. ಇಟಿಎಸ್‌ನವರು ಕಲಿಕಾ ನ್ಯೂನತೆಗೆ ಐದು ವರ್ಷದೊಳಗಿನ ವರದಿ ಕೇಳುತ್ತಾರೆ, ಅದೂ ದೊಡ್ಡವರಿಗೆ ಮಾಡುವ ಟೆಸ್ಟಿನದ್ದು. ನಿಮ್ಹಾನ್ಸ್‌ನಲ್ಲಿ ವಿಚಾರಿಸು, ಅಥವಾ ಇದೇ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗು. ಹೋದಾಗ ‘ಸರ್ಟಿಫಿಕೇಟ್ ಕೊಡಿ’ ಅನ್ನಬೇಡ. ಹಾಗಂದರೆ ಅಂಗವೈಕಲ್ಯ ಶೇಕಡಾ ಇಷ್ಟು ಅಂತ ಬರೆದ ಒಂದು ಹಾಳೆ ಕೈಗೆ ಬರುತ್ತದೆ. ಇಲ್ಲಿಯವರಿಗೆ ಶೇಕಡಾ ಬೇಕಿಲ್ಲ. ಯಾವ ಟೆಸ್ಟು, ಅಂಕ ಎಷ್ಟು, ಓದು ಎಷ್ಟು ನಿಧಾನ, ಅದರಿಂದ ಏನು ಕಷ್ಟ, ಅದಕ್ಕೆ ಎಷ್ಟು ಹೆಚ್ಚಿನ ಸಮಯ ಬೇಕು, ಯಾಕೆ ಬೇಕು. ಇಷ್ಟೂ ಇಂಗ್ಲಿಷಿನಲ್ಲಿ, ಸಹಿ ಮಾಡಿದವರ ಅರ್ಹತೆಯ ಸಮೇತ ಬೇಕು.

ಸೀಟು ಸಿಕ್ಕ ತಕ್ಷಣ, ವಿಮಾನ ಹತ್ತುವ ಮುಂಚೆಯೇ, ಯೂನಿವರ್ಸಿಟಿಯ ಅಂಗವಿಕಲ ವಿದ್ಯಾರ್ಥಿಗಳ ಕಚೇರಿಗೆ ಇಮೇಲ್ ಹಾಕು. ಪ್ರವೇಶದವರು ಬೇರೆ, ಇವರು ಬೇರೆ. ನೀನಾಗಿ ಹೇಳದಿದ್ದರೆ ಇವರಿಗೆ ನೀನು ಯಾರೋ ಗೊತ್ತೇ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿಗೆ ಅಮ್ಮ ಹೆಡ್‌ಮಾಸ್ಟರ್ ಹತ್ತಿರ ಓಡಾಡಿರಬೇಕು, ಅಲ್ವಾ? ಇಲ್ಲಿ ನಿನ್ನ ಒಪ್ಪಿಗೆ ಇಲ್ಲದೆ ಅಮ್ಮನ ಹತ್ತಿರವೂ ನಿನ್ನ ವಿಷಯ ಮಾತಾಡುವುದಿಲ್ಲ. ಕಚೇರಿಯವರು ಕೊಡುವ ಕಾಗದದಲ್ಲಿ ‘ಇವನಿಗೆ ಪರೀಕ್ಷೆಗೆ ಹೆಚ್ಚಿನ ಸಮಯ, ಬೇರೆ ಕೋಣೆ’ ಅಂತಷ್ಟೇ ಇರುತ್ತದೆ, ಯಾಕೆ ಅಂತ ಇರುವುದಿಲ್ಲ. ಅದು ಪ್ರೊಫೆಸರಿಗೆ ತಲುಪಿದೆಯಾ ಅಂತ ಪ್ರತಿ ಸೆಮಿಸ್ಟರ್ ನೀನೇ ನೋಡಿಕೊಳ್ಳಬೇಕು. ಪರೀಕ್ಷೆ ಆದಮೇಲೆ ಹೇಳಿದರೆ ಹಿಂದಿನದಕ್ಕೆ ಅನ್ವಯಿಸಲ್ಲ. ನಾನು ಫೇಲಾದ ಕೋರ್ಸು ಇವತ್ತಿಗೂ ನನ್ನ ಅಂಕಪಟ್ಟಿಯಲ್ಲಿದೆ.

ಇನ್ನೊಂದು. ಭಾರ ಜಾಸ್ತಿ ಆಯ್ತು ಅಂತ ಸುಮ್ನೆ ಒಂದು ಕೋರ್ಸು ಬಿಟ್ಟುಬಿಡಬೇಡ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ನಿಗದಿಯಾದಷ್ಟು ಕೋರ್ಸು ಪೂರ್ತಿ ಓದಲೇಬೇಕು. ಕಡಿಮೆ ಮಾಡಲು ದಾರಿ ಇದೆ, ಆದರೆ ಬಿಡುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ ಬೇಕು. ಮೊದಲು ಬಿಟ್ಟು ಆಮೇಲೆ ಹೇಳಿದರೆ ವೀಸಾ ಸ್ಥಿತಿಗೇ ಕುತ್ತು.

ಆರನೇ ಕ್ಲಾಸಿನ ವರದಿ ಹಳೆಯದಾದರೂ ಎಸೆಯಬೇಡ. ಚಿಕ್ಕಂದಿನಿಂದ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ. ಎಸ್‌ಎಸ್‌ಎಲ್‌ಸಿಯಲ್ಲಿ ಸಮಯ ಕೊಟ್ಟ ಆದೇಶವೂ ಬೇಕು. ಎರಡೂ ಮನೆಯ ಅಟ್ಟದ ಮೇಲೆ ಯಾವುದಾದರೂ ಪ್ಲಾಸ್ಟಿಕ್ ಕವರಿನಲ್ಲಿ ಇರಬಹುದು. ಈ ಭಾನುವಾರ ಅಮ್ಮನನ್ನು ಕೇಳಿ ಇಳಿಸು, ಸ್ಕ್ಯಾನ್ ಮಾಡಿ ನನಗೂ ಒಂದು ಪ್ರತಿ ಕಳಿಸು.