ಕರಟದ ಕುಪ್ಪಸಕ್ಕೆ ತಮಾಷೆಯ ಆಧ್ಯಾತ್ಮಿಕ ಅರ್ಥ ಏನಂತ ಹೇಳಬಹುದು?

ಕರಟದ ಕುಪ್ಪಸ, ಪ್ಲಾಸ್ಟಿಕ್ ಹುಲ್ಲಿನ ಲಂಗ ತೊಟ್ಟು ಪಾರ್ಟಿಗೆ ಹೋಗ್ತೀರಿ, ಅದಕ್ಕೊಂದು ನಗು ಬರಿಸುವ 'ಹವಾಯಿ ಅಧ್ಯಾತ್ಮ' ಬೇಕು ಅಂತೀರಿ. ಅಯ್ಯೋ, ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವನು ನಾನು.

ಹವಾಯಿಯ ಹೊನಲುಲುವಿನಲ್ಲಿ ಕೆಲಸಕ್ಕಿದ್ದೆ. ಸಹೋದ್ಯೋಗಿಯೊಬ್ಬನ ಬೀಳ್ಕೊಡುಗೆ. ವೈಕೀಕಿಯ ಪ್ರವಾಸಿ ಅಂಗಡಿಯಿಂದ ಎರಡನ್ನೂ ತಂದು, ಬರಿಮೈ ಮೇಲೆ ಕಟ್ಟಿಕೊಂಡು ಮೈಕ್ ಹಿಡಿದೆ. "ಎರಡು ಕರಟ ಬೇರೆ ಬೇರೆ ಅಂದುಕೊಂಡರೆ ದ್ವೈತ. ಮೂಲದಲ್ಲಿ ಕಾಯಿ ಒಂದೇ ಅಂತ ಹೊಳೆದರೆ ಅದ್ವೈತ. ನಡುವಿನ ನೈಲಾನ್ ದಾರ ಮಾಯೆ; ಅದು ಹರಿದರೆ ನನಗೆ ಮೋಕ್ಷ, ನಿಮಗೆ ಕರ್ಮ." ಇಂಗ್ಲಿಷಿನಲ್ಲಿ ಹೇಳಿದರೂ ಜನ ನಕ್ಕರು.

ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ನಗು ತಲೆಗೇರಿತ್ತು ನೋಡಿ. "ಹವಾಯಿಯ ಪ್ರಾಚೀನ ಹಿರಿಯರ ಪ್ರಕಾರ ಈ ಲಂಗದ ಒಂದೊಂದು ಎಳೆಯೂ ಒಂದೊಂದು ಆಸೆ, ಸೊಂಟ ಕುಣಿಸಿದಷ್ಟೂ ಉದುರುತ್ತದೆ" ಅಂದುಬಿಟ್ಟೆ.

ತಪ್ಪಾಗಿದ್ದು ಎಳೆ-ಆಸೆಯ ಜೋಕಲ್ಲ, ಅದರ ಮುಂದೆ ಅಂಟಿಸಿದ 'ಪ್ರಾಚೀನ ಹಿರಿಯರ ಪ್ರಕಾರ' ಅನ್ನೋ ಬಾಲ. ದ್ವೈತ-ಅದ್ವೈತ ನನ್ನ ಮನೆಯ ಸರಕು, ನಾನೇ ಗೇಲಿ ಮಾಡಿಕೊಂಡೆ, ಯಾರಿಗೇನು? ಹಿರಿಯರು ನನ್ನವರಲ್ಲ. ಅವರು ಹೇಳದ ಮಾತಿಗೆ ಅವರ ಸಹಿ ಹಾಕಿಸಿದ್ದೆ, ಅದೂ ಅವರ ಮೊಮ್ಮಕ್ಕಳು ಕೂತಿದ್ದ ಸಭೆಯಲ್ಲೇ. ಚಿಕ್ಕಂದಿನಿಂದ ಹವಾಯಿಯ ಸಾಂಪ್ರದಾಯಿಕ ಕುಣಿತವಾದ ಹುಲಾ ಕಲಿತ ಸಹೋದ್ಯೋಗಿಯೊಬ್ಬಳು ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು, "ಯಾವ ಹಿರಿಯರು?" ಅಂದಳು. ಅಷ್ಟೇ.

ಆಮೇಲೆ ಅವಳಿಂದಲೇ ತಿಳಿದದ್ದು: ಒಣಹುಲ್ಲಿನ ಲಂಗ ಹವಾಯಿಯದ್ದೇ ಅಲ್ಲ, 19ನೇ ಶತಮಾನದ ಕೊನೆಯಲ್ಲಿ ಪೆಸಿಫಿಕ್ ಸಾಗರದ ಗಿಲ್ಬರ್ಟ್ ದ್ವೀಪಗಳಿಂದ ದುಡಿಯಲು ಬಂದವರ ಜೊತೆ ಬಂದದ್ದು. ಹವಾಯಿಯವರು ಉಡುತ್ತಿದ್ದದ್ದು ವಾವ್ಕೆ ಮರದ ತೊಗಟೆ ಬಡಿದು ಮಾಡಿದ ಕಾಪಾ ಬಟ್ಟೆ. ಕರಟದ ಕುಪ್ಪಸ ತಹೀಟಿ ದ್ವೀಪದ ಕುಣಿತದಿಂದ ಬಂದದ್ದು. ನಿಜವಾದ ಅಧ್ಯಾತ್ಮ ಬೇಕಿದ್ದರೆ ಹುಲಾ ಶಾಲೆಯ ಪೀಠದಲ್ಲಿದೆ: ಹಳದಿ ಕಾಪಾ ಸುತ್ತಿದ ಲಾಮಾ ಮರದ ತುಂಡು, ಅದೇ ಹುಲಾದ ದೇವತೆ ಲಾಕಾ. 1830ರಲ್ಲಿ ರಾಣಿ ಕಾಅಹುಮಾನು ಬಹಿರಂಗ ಹುಲಾವನ್ನೇ ನಿಷೇಧಿಸಿದ್ದಳು. 1883ರಲ್ಲಿ ರಾಜ ಕಲಾಕೌವನ ಪಟ್ಟಾಭಿಷೇಕದಲ್ಲಿ ಮತ್ತೆ ಎಲ್ಲರೆದುರು ಕುಣಿದರು. ನಡುವಿನ ಅಷ್ಟು ವರ್ಷ ಅದನ್ನು ಕಾಪಾಡಿಕೊಂಡವರ ಬಾಯಿಗೆ ನಾನು ಪ್ಲಾಸ್ಟಿಕ್ ತುರುಕಿದ್ದೆ.

ಹಿಲೋದಲ್ಲಿ ಈಸ್ಟರ್ ವಾರದ ಮೆರ್ರಿ ಮೊನಾರ್ಕ್ ಅನ್ನೋ ಹುಲಾ ಹಬ್ಬಕ್ಕೆ ಟಿಕೆಟ್ ಕೊಡಿಸ್ತೀನಿ ಅಂದಿದ್ದಳು. ಸುಲಭಕ್ಕೆ ಸಿಗುವ ಟಿಕೆಟಲ್ಲ ಅದು. ಮತ್ತೆ ಆ ಮಾತು ಅವಳೂ ಎತ್ತಲಿಲ್ಲ, ನನಗೂ ಕೇಳುವ ಮುಖ ಇರಲಿಲ್ಲ.

ಹಾಗಾಗಿ 'ಹವಾಯಿ ಅರ್ಥ' ಹುಡುಕಲೇಬೇಡಿ, ಅದಕ್ಕೆ ಅಂಥದ್ದು ಇಲ್ಲ. 'ತಮಾಷೆಗೆ ತಾನೇ' ಅಂತ ಯಾರಾದರೂ ಅಂದರೆ ಅಂದುಕೊಳ್ಳಲಿ. ನಗಿಸಬೇಕಾ? ಲಂಗದ ಲೇಬಲ್ ಓದಿ. ನನ್ನದರಲ್ಲಿ 'ಬೆಂಕಿಯಿಂದ ದೂರವಿಡಿ' ಅಂತಿತ್ತು. ಇದಕ್ಕಿಂತ ಗಟ್ಟಿಯಾದ ವೈರಾಗ್ಯದ ಬೋಧನೆ ಯಾವ ಗುರು ಕೊಟ್ಟಾನು?

ಅಂದ ಹಾಗೆ, ಒಳಗೊಂದು ಬನಿಯನ್ ಹಾಕಿಕೊಳ್ಳಿ. ಅಂಗಡಿಯವರು ಕರಟದ ಹೊರಮೈಗೆ ಮಾತ್ರ ಪಾಲಿಶ್ ಹೊಡೆದಿರುತ್ತಾರೆ. ಒಳ ಅಂಚು ಕೊರೆದು, ನನ್ನ ಎದೆ ಮೇಲೆ ಎರಡು ಕೆಂಪು ಅರ್ಧಚಂದ್ರ ನಾಲ್ಕು ದಿನ ಉಳಿದಿತ್ತು.