ಸೈಕಲ್‌ಗೆ ಕಾರು ಡಿಕ್ಕಿ ಹೊಡೆದರೆ ಏನು ಮಾಡಬೇಕು?

ಎದ್ದು ರಸ್ತೆ ಬದಿಗೆ ಸರಿಯಿರಿ. ಕತ್ತು, ಬೆನ್ನು ನೋಯುತ್ತಿದ್ದರೆ ಮಾತ್ರ ಅಲುಗಾಡದೆ ಅಲ್ಲೇ ಇದ್ದು 108ಕ್ಕೆ ಫೋನ್ ಮಾಡಿಸಿ. ಪೊಲೀಸರಿಗೆ 112. ಸೈಕಲ್ ಎತ್ತುವ ಮೊದಲೇ ಕಾರಿನ ನಂಬರ್ ಪ್ಲೇಟ್, ಬಿದ್ದ ಜಾಗದ ಫೋಟೊ ತೆಗೆಯಿರಿ. ನೋಡಿದವರ ನಂಬರ್ ಪಡೆಯಿರಿ.

ಚಾಲಕ ಐನೂರೋ ಸಾವಿರವೋ ಕೈಗಿಟ್ಟು ‘ಇಲ್ಲಿಗೇ ಮುಗಿಸೋಣ’ ಅಂದರೆ ದಯವಿಟ್ಟು ಒಪ್ಪಬೇಡಿ. ಗಾಬರಿಯಲ್ಲಿ ನೋವು ಗೊತ್ತಾಗುವುದಿಲ್ಲ. ತಲೆಯ ಪೆಟ್ಟು, ಮಣಿಕಟ್ಟಿನ ಬಿರುಕು ಮರುದಿನ ಕಾಣಿಸಿಕೊಳ್ಳಬಹುದು. ಆಸ್ಪತ್ರೆಯಲ್ಲಿ ‘ಕಾರು ಡಿಕ್ಕಿ’ ಎಂದೇ ಬರೆಸಿ, ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ. ಕಾರಿನ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳುವಾಗ ಎಫ್‌ಐಆರ್ ಪ್ರತಿ ಬೇಕಾಗುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 6 ತಿಂಗಳೊಳಗೆ ಅರ್ಜಿ ಹಾಕಿ.

ಪೆಟ್ಟು ತಿಂದ ಹೆಲ್ಮೆಟ್ ಅನ್ನು ಬಿರುಕು ಕಾಣದಿದ್ದರೂ ಬದಲಿಸಿ. ಮುಂದಿನ ಚಕ್ರ ಎತ್ತಿ ತಿರುಗಿಸಿ: ರಿಮ್ ಒಂದೇ ಕಡೆ ಬ್ರೇಕ್ ರಬ್ಬರಿಗೆ ತಾಗುತ್ತಿದ್ದರೆ, ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಹಿಂದಕ್ಕೆ ಬಾಗಿದ್ದರೆ, ತಳ್ಳಿಕೊಂಡೇ ಹೋಗಿ.